ಗೋದಾಮಿನ ಕೆಮ್ಮು

ನಮ್ಮ ಮನೆಯಲ್ಲಿ ಒಬ್ಬ ಗಂಡಸಿದ್ದಾನೆ ಎಂದು ಸರ್ಕಾರ ಬರೆದುಕೊಟ್ಟಿತು. ಮೂರು ಸೀಲು, ಎರಡು ಸಹಿ.

ಅಪ್ಪ ಸತ್ತು ಆರು ವರ್ಷವಾಗಿತ್ತು. ಮನೆಯೆಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಕೋಣೆಯ ಮೂಲೆಯಲ್ಲಿ ಸ್ಟೌ, ಸ್ಟೌ ಪಕ್ಕ ನಲ್ಲಿ. ಅದರೊಳಗೆ ಅಮ್ಮ ಮತ್ತು ನಾನು. ಗಂಡಸು ಎಲ್ಲಾದರೂ ಅಡಗಿದ್ದರೆ ಒಂದೋ ಸ್ಟೌ ಒಳಗಿರಬೇಕು, ಇಲ್ಲವೇ ನಲ್ಲಿಯೊಳಗೆ. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಗಂಡಸು ಬಂದದ್ದನ್ನು ನಾನಂತೂ ಕಂಡಿಲ್ಲ.

ಕಾಗದ ಬಂದದ್ದು ಮಾಜಿ ಸೈನಿಕರ ಕುಟುಂಬ ಕಲ್ಯಾಣ ಕಚೇರಿಯಿಂದ. ಹೆಸರಿಗೆ ತಕ್ಕ ಕಚೇರಿ. ಸೈನಿಕನ ಹೆಂಡತಿ ಉಂಡಳೇ, ಮಲಗಿದಳೇ, ಬದುಕಿದ್ದಾಳೆಯೇ ಎಂಬುದು ಅವರಿಗೆ ಬೇಡ. ಅವಳಿಗೆ ಇನ್ನೊಂದು ಕಲ್ಯಾಣ ಆಗಿಹೋಯಿತೇ ಎನ್ನುವುದೊಂದೇ ಅವರ ಹಗಲಿರುಳಿನ ಚಿಂತೆ. ಆಗಿದ್ದರೆ ಪಿಂಚಣಿ ಉಳಿಯುತ್ತದಲ್ಲ.

ಅಮ್ಮ ಆಗತಾನೇ ಕೆಲಸದಿಂದ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಒಗೆಯುವ ಸೋಡಕ್ಕೆ ಸುಟ್ಟ ಚರ್ಮ, ಬಟ್ಟೆ ತಾಗಿದರೂ ಉರಿ.

"ಓದು," ಎಂದಳು. "ಅವರ ದನೀಲೇ ಓದು. ಸುಮ್ನೆ ಓದಿದ್ರೆ ಹೊಟ್ಟೆ ಉರಿಯುತ್ತೆ."

ನನಗೆ ಇನ್ನೊಬ್ಬರ ದನಿ ತೆಗೆಯುವ ಚಾಳಿ. ಕಾಲೇಜಿನಲ್ಲಿ ಮೇಷ್ಟ್ರ ದನಿಯಲ್ಲಿ ಹಾಜರಿ ಕರೆದು ಸಿಕ್ಕಿಬಿದ್ದವಳು. ಡಿಗ್ರಿ ಮುಗಿದ ಮೇಲೆ ಅದೇ ಗಂಟಲಿಂದ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವ ಕೆಲಸ ಸಿಕ್ಕಿತ್ತು. ಮೂಗಿನ ಒಂದು ಹೊಳ್ಳೆ ಮುಚ್ಚಿ, ಪ್ರತಿ ಪದದ ಬಾಲ ಎಳೆದು, ಸರ್ಕಾರವಾದೆ.

"ಸದರಿ ದಿನಾಂಕದಂದು ಸದರಿ ವಿಧವೆಯ ಸದರಿ ಮನೆಗೆ ಪೂರ್ವಸೂಚನೆ ಇಲ್ಲದೆ ಭೇಟಿ ನೀಡಲಾಗಿ, ಬಾಗಿಲ ಹೊರಗೆ ಹೊಸದಾಗಿ ಪಾಲಿಶ್ ಮಾಡಿದ ಗಂಡಸಿನ ಬೂಟು ಒಂದು ಜೊತೆ ಕಂಡುಬಂದಿರುತ್ತದೆ. ಬಾಗಿಲು ತಟ್ಟಲಾಗಿ, ಒಳಗಿನಿಂದ ಗಂಡಸಿನ ತೀವ್ರವಾದ, ಎದೆಯಾಳದ ಕೆಮ್ಮು ಹಾಗೂ 'ಯಾರದು' ಎಂಬ ಗದರಿಕೆ ಕೇಳಿಬಂದಿರುತ್ತದೆ. ಮೇಲ್ಕಂಡ ಗಂಡಸು ಮನೆಯ ಯಜಮಾನನಂತೆ ವರ್ತಿಸಿದ್ದರಿಂದ, ಸದರಿ ವಿಧವೆಯು ಮರುವಿವಾಹ ಅಥವಾ ತತ್ಸಮಾನ ಸ್ಥಿತಿಯಲ್ಲಿರುವುದು ಖಚಿತಪಟ್ಟು, ಕುಟುಂಬ ಪಿಂಚಣಿಯನ್ನು ತಡೆಹಿಡಿಯಲಾಗಿದೆ."

"ತತ್ಸಮಾನ ಅಂದ್ರೆ?"

"ಊಟ ಹಾಕದೇ ಮಾಡೋ ಮದುವೆ."

ಅಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮೇಲ್ಕಂಡ ಗಂಡಸನ್ನು ಮೇಲೆ ಬಂದ ಯಾರೂ ಕಂಡಿರಲಿಲ್ಲ, ಕೇಳಿದ್ದರು ಅಷ್ಟೆ. ಆಮೇಲೆ ಅಮ್ಮನ ನಗು ನಿಂತಿತು. ನನ್ನನ್ನೇ ನೋಡಿದಳು.

"ಆ ಕೆಮ್ಮು ನೀನು ಕಣೇ."

ಹೌದು. ಆ ಕೆಮ್ಮು ನಾನೇ.

ಅದು ನಮ್ಮ ಮನೆಯ ಪದ್ಧತಿ. ಇಬ್ಬರೇ ಹೆಂಗಸರಿರುವ ಮನೆಗೆ ಬೀಗಕ್ಕಿಂತ ಗಟ್ಟಿ ಏನಾದರೂ ಬೇಕು. ಅಪ್ಪ ಸತ್ತ ತಿಂಗಳೇ ಬಾಗಿಲು ತಟ್ಟುವವರು ಶುರುವಾದರು. ಒಬ್ಬನಿಗೆ ಬೆಂಕಿಪೊಟ್ಟಣ ಬೇಕು, ಒಬ್ಬನಿಗೆ ದಾರಿ ತಪ್ಪಿದೆ, ಒಬ್ಬ ಅಪ್ಪನ ಜೊತೆ ಕೆಲಸ ಮಾಡಿದವನಂತೆ, ಅಪ್ಪನ ಹೆಸರು ಮಾತ್ರ ಗೊತ್ತಿಲ್ಲವಂತೆ. ಕೆಳಗಿನ ಮನೆಯ ಟೈಲರಕ್ಕ ಹೇಳಿದಳು: "ಗಂಡಸಿನ ಬೂಟು ಹೊರಗಿಡ್ರೇ. ನಾಯಿ ಸಾಕೋಕ್ಕಿಂತ ವಾಸಿ. ಅನ್ನ ಹಾಕೋದು ಬೇಡ, ಕಚ್ಚಲ್ಲ ಅನ್ನೋದು ಯಾರಿಗೂ ಗೊತ್ತಾಗಲ್ಲ."

ಅಪ್ಪನ ಬೂಟು ಇತ್ತು. ಸೈನ್ಯ ಕೊಟ್ಟದ್ದು. ಅವನನ್ನು ಮನೆಗೆ ಕಳಿಸುವಾಗ ಬಟ್ಟೆ, ಬೆಲ್ಟು, ಟೋಪಿ ಎಲ್ಲ ವಾಪಸು ತೆಗೆದುಕೊಂಡರು. ಬೂಟು ಹಳೆಯದೆಂದು ಬಿಟ್ಟರು. ಅಮ್ಮ ಪ್ರತಿ ಭಾನುವಾರ ಅದಕ್ಕೆ ಪಾಲಿಶ್ ಹಚ್ಚುತ್ತಿದ್ದಳು. ಹತ್ತಿ ಉಂಡೆ, ಸ್ವಲ್ಪ ಉಗುಳು, ಸಣ್ಣ ಸಣ್ಣ ಸುತ್ತು. ಅಪ್ಪ ಕಲಿಸಿದ ಹಾಗೆ. ಬೂಟು ಒಂದೇ ಜಾಗದಲ್ಲಿ ಇರಕೂಡದು. ಒಂದು ದಿನ ಬಾಗಿಲ ಕಡೆಗೆ ಮೂತಿ, ಒಂದು ದಿನ ಮೆಟ್ಟಿಲ ಕಡೆಗೆ. ವಾರಕ್ಕೊಮ್ಮೆ ಒಂದನ್ನು ಓರೆ ಮಾಡಿ ಬೀಳಿಸುವುದು. ಸುಸ್ತಾಗಿ ಬಂದು ಕಾಲಿಂದ ಕಿತ್ತೆಸೆದ ಹಾಗೆ. ಮಳೆ ಬಂದ ದಿನ ಅಟ್ಟೆಗೆ ಕೆಸರು ಮೆತ್ತುವುದು ನನ್ನ ಕೆಲಸ.

ಮತ್ತೆ ಕೆಮ್ಮು. ಯಾರಾದರೂ ಹೆಸರು ಹೇಳದೆ ಬಾಗಿಲು ತಟ್ಟಿದರೆ ನಾನು ಒಳಗಿಂದ ಅಪ್ಪನ ಕೆಮ್ಮು ಕೆಮ್ಮುತ್ತಿದ್ದೆ. ಮೊದಲು ಎರಡು ಗಿಡ್ಡ ಕೆಮ್ಮು, ಬಾಗಿಲ ಚಿಲಕ ಎರಡು ಸಲ ಹಾಕಿದಂತೆ. ಆಮೇಲೆ ಒಂದು ಉದ್ದದ್ದು, ಎದೆಯ ತಳದಿಂದ ಏನನ್ನೋ ಎಳೆದು ತರುವಂಥದ್ದು. ಅದರ ತುದಿಗೆ ತೆಳ್ಳಗೆ ಒಂದು ಸಿಳ್ಳೆ. ಕೊನೆಗೆ ಗಂಟಲು ಸರಿ ಮಾಡಿಕೊಳ್ಳುವುದು, ತೊಂದರೆ ಕೊಟ್ಟೆ ಕ್ಷಮಿಸಿ ಎನ್ನುವ ಹಾಗೆ. ಅಪ್ಪ ಇದ್ದಾಗಲೇ ಅವನ ಎದುರೇ ಕೆಮ್ಮಿ ತೋರಿಸುತ್ತಿದ್ದೆ. ಅವನು ನಕ್ಕು ನಕ್ಕು ನಿಜವಾದ ಕೆಮ್ಮು ಬರಿಸಿಕೊಳ್ಳುತ್ತಿದ್ದ. ಆಗ ಮನೆಯಲ್ಲಿ ಯಾವುದು ಅಸಲು, ಯಾವುದು ನಕಲು ಎಂದು ಅಮ್ಮನಿಗೇ ತಿಳಿಯುತ್ತಿರಲಿಲ್ಲ.

ಕಾಗದದಲ್ಲಿದ್ದ ದಿನ, ಒಂದು ಭಾನುವಾರ, ಬಂದವನು ಆ ಕಚೇರಿಯ ತನಿಖಾಧಿಕಾರಿ. ಪಿಂಚಣಿಯ ಹೆಂಗಸರೆಲ್ಲ ಅವನಿಗೆ ಇಟ್ಟ ಹೆಸರು ಇಣುಕಪ್ಪ. ಹೆಸರು ಹೇಳಲಿಲ್ಲ, ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದ. ನಾನು ಕೆಮ್ಮಿದೆ. "ಯಾರದು?" ಎಂದೆ, ಅಪ್ಪನಾಗಿ. ಹೆಜ್ಜೆಗಳು ಮೆಟ್ಟಿಲಿಳಿದು ಓಡಿದವು. ಇನ್ನೊಬ್ಬ ಬೆಂಕಿಪೊಟ್ಟಣದವನು ತೊಲಗಿದ ಎಂದುಕೊಂಡೆ. ಸರ್ಕಾರದ ಧೈರ್ಯವೂ ಬೆಂಕಿಪೊಟ್ಟಣದವನಷ್ಟೇ ಎಂದು ನನಗೇನು ಗೊತ್ತು.

ಅಪ್ಪ ಯುದ್ಧ ಮಾಡಿದವನಲ್ಲ. ಹದಿನೇಳು ವರ್ಷ ಸೈನ್ಯದ ಮದ್ದಿನ ಗೋದಾಮಿನಲ್ಲಿದ್ದವನು. ಗುಂಡಿನ ಪೆಟ್ಟಿಗೆ ಹೊರುವುದು, ಒಡೆದ ಪೆಟ್ಟಿಗೆಯಿಂದ ಚೆಲ್ಲಿದ ಪುಡಿ ಬಳಿಯುವುದು. ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟದ್ದು ಒಂದು ಕರ್ಚೀಫು, ವರ್ಷಕ್ಕೆ ಒಂದು. ಪುಡಿ ಎದೆಗಿಳಿಯಿತು. ಮನೆಗೆ ಕಳಿಸಿದ ಮೇಲೆ ಅವನು ಇದೇ ಕಚೇರಿಗೆ ಎಂಟು ವರ್ಷ ಅಲೆದ. ಮೇಜಿನ ಮುಂದೆ ನಿಂತು ಕೆಮ್ಮುತ್ತಿದ್ದ. ಕೆಮ್ಮು ನಿಂತ ಮೇಲೆ ಒಂದೇ ಮಾತು: "ಸಾರ್, ಇದನ್ನ ಬರ್ಕೊಳ್ಳಿ ಸಾರ್."

ಬರೆದುಕೊಳ್ಳಲಿಲ್ಲ. ಕಚೇರಿಯ ಡಾಕ್ಟರು ಕೊಟ್ಟ ಸರ್ಟಿಫಿಕೇಟಿನಲ್ಲಿ ಇದ್ದದ್ದು: 'ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ. ಧೂಮಪಾನದ ಸ್ವಂತ ದುರಭ್ಯಾಸದಿಂದ ಬಂದದ್ದು.' ಅಪ್ಪ ಸಿಗರೇಟು ಮುಟ್ಟಿದವನಲ್ಲ. ಮದ್ದಿನ ಗೋದಾಮಿನಲ್ಲಿ ಹದಿನೇಳು ವರ್ಷ ಸಿಗರೇಟು ಸೇದಿದ್ದರೆ ಗೋದಾಮು ಇರುತ್ತಿರಲಿಲ್ಲ, ಊರು ಇರುತ್ತಿರಲಿಲ್ಲ, ಸರ್ಟಿಫಿಕೇಟು ಬರೆಯಲು ಡಾಕ್ಟರೂ ಇರುತ್ತಿರಲಿಲ್ಲ. ಮದ್ದಿನಿಂದ ಬಂದ ಕಾಯಿಲೆಗೆ ಮದ್ದಿಲ್ಲ ಎಂದು ಅಪ್ಪನೇ ತಮಾಷೆ ಮಾಡುತ್ತಿದ್ದ. ಈ ಮಾತಿನ ಚಟ ನನಗೆ ಬಂದದ್ದು ಅವನಿಂದಲೇ. ದುರಭ್ಯಾಸ ಎಂದರೆ ಅದೊಂದೇ ಇತ್ತು ಅವನಿಗೆ.

ಹಾಗಾಗಿ ಅಮ್ಮನಿಗೆ ಸಿಕ್ಕಿದ್ದು ಸಾಧಾರಣ ಪಿಂಚಣಿ. ಸೇವೆಯಿಂದ ಸತ್ತವನ ಹೆಂಡತಿಗೆ ಸಿಗುವುದರ ಅರ್ಧ. ಆ ಅರ್ಧವೂ ಈಗ ನಿಂತಿತ್ತು.

ಅಮ್ಮನ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ನೆಲಮಾಳಿಗೆ. ಕಿಟಕಿ ಇಲ್ಲ. ರಕ್ತ, ಕೀವು, ಹೇಲು ಮೆತ್ತಿದ ಹಾಸಿಗೆ ಬಟ್ಟೆಗಳು ಮೇಲಿನಿಂದ ಒಂದು ತಗಡಿನ ಜಾರುಗೊಳವೆಯಲ್ಲಿ ಧೊಪ್ ಎಂದು ಬೀಳುತ್ತವೆ. ಅವನ್ನು ಬಿಡಿಸಿ, ಸೂಜಿ ಇದೆಯೇ ಎಂದು ಕೈಯಿಂದಲೇ ತಡವಿ ನೋಡಿ, ಸೋಡದ ತೊಟ್ಟಿಗೆ ಹಾಕಬೇಕು. ಕುದಿಯುವ ನೀರಿನಿಂದ ಕೋಲಲ್ಲಿ ಎತ್ತಬೇಕು. ಒದ್ದೆ ಹಾಸಿಗೆ ಬಟ್ಟೆ ಹೆಣದಷ್ಟು ಭಾರ. ಹನ್ನೊಂದು ವರ್ಷವಾಗಿತ್ತು. ಬೆರಳ ಸಂದಿಯ ಚರ್ಮ ಬಿರಿದು ಕೆಂಪು ಕಾಣುತ್ತಿತ್ತು. ಎರಡು ಉಗುರು ಉದುರಿ ಮತ್ತೆ ಬಂದಿರಲಿಲ್ಲ. ಅದೇ ಆಸ್ಪತ್ರೆಯ ಚರ್ಮದ ಡಾಕ್ಟರು ನೋಡಿ ಹೇಳಿದ್ದರು: ಇನ್ನೊಂದು ವರ್ಷ ಸೋಡದಲ್ಲಿ ಕೈಯಿಟ್ಟರೆ ಬೆರಳು ಮಡಿಸಲು ಬರುವುದಿಲ್ಲ. ಆ ವರ್ಷದ ಕೊನೆಗೆ ಕೆಲಸ ಬಿಡುವುದೆಂದು ಅಮ್ಮ ತೀರ್ಮಾನಿಸಿದ್ದಳು. ನನ್ನ ಸಂಬಳ ಬಾಡಿಗೆಗೆ, ಪಿಂಚಣಿ ಹೊಟ್ಟೆಗೆ. ಕಾಗದ ಬಂದ ಮಾರನೇ ದಿನ ಅವಳು ಎರಡು ಪಾಳಿ ಬರೆಸಿ ಬಂದಳು.

ನಾಲ್ಕು ತಿಂಗಳು ಅರ್ಜಿ ಕೊಟ್ಟೆವು. ಕೊನೆಗೆ ವಿಚಾರಣೆಗೆ ಕರೆದರು.

ಕಚೇರಿಯ ಕಾರಿಡಾರಿನಲ್ಲಿ ಉದ್ದಕ್ಕೆ ಬೆಂಚು. ಎದುರು ಗೋಡೆಯ ಮೇಲೆ ದಪ್ಪಕ್ಷರ: 'ವೀರ ಸೈನಿಕರ ಕುಟುಂಬಗಳಿಗೆ ನಾಡು ಚಿರಋಣಿ.' ಚಿರಋಣಿ ಎಂದರೆ ಸಾಲ ಎಂದಿಗೂ ತೀರಿಸುವುದಿಲ್ಲ ಎಂದು ಗೋಡೆಯ ಮೇಲೇ ಬರೆದಿಟ್ಟಿದ್ದರು. ಮುಚ್ಚುಮರೆ ಇಲ್ಲ. ಆ ಬೆಂಚಿನ ಮೇಲೆ ಹನ್ನೆರಡು ಹದಿಮೂರು ಹೆಂಗಸರು ಕೂತಿದ್ದರು. ಎಲ್ಲರೂ ಇಣುಕಪ್ಪನ ಬೇಟೆ. ಅಲ್ಲಿ ಯಾರೂ ಯಾರ ಹೆಸರೂ ಕೇಳುವುದಿಲ್ಲ. ಗಂಡನ ಕೆಲಸವೇ ಹೆಸರು. ಅಮ್ಮ ಗೋದಾಮಿನವನ ಹೆಂಡತಿ.

"ನಿಂದೇನಕ್ಕ ಕೇಸು?" ಎಂದಳು ಬ್ಯಾಂಡಿನವನ ಹೆಂಡತಿ. ದಪ್ಪ ದೇಹ, ತುತ್ತೂರಿಯಂಥ ಗಂಟಲು. ಗಂಡ ಊದಿದ್ದನ್ನೆಲ್ಲ ಇವಳು ಉಳಿಸಿಟ್ಟುಕೊಂಡಿದ್ದಳು.

"ಬೂಟು," ಅಮ್ಮ ಅಂದಳು. "ಮತ್ತೆ ಕೆಮ್ಮು."

"ನಂದು ಕೂದಲು. ಈ ವಯಸ್ಸಲ್ಲಿ ಕೂದಲು ಯಾಕೆ ಕಪ್ಪಗಿದೆ, ಯಾರಿಗೋಸ್ಕರ ಬಣ್ಣ ಹಾಕ್ತೀಯ ಅಂತ ಕೇಳ್ದ ನನ್ಮಗ. ನಿನಗೋಸ್ಕರ ಕಣಪ್ಪಾ ಅಂದೆ. ಅದನ್ನೂ ಬರ್ಕೊಂಡ!"

ಬೆಂಚು ನಕ್ಕಿತು. ಲಾರಿ ಡ್ರೈವರನ ಹೆಂಡತಿ ಮಾತ್ರ ನಗಲಿಲ್ಲ. ಸಣ್ಣ ಹೆಂಗಸು. ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು.

"ನಮ್ಮನೇಲಿ ಮಂಚ ದೊಡ್ಡದಂತೆ," ಎಂದಳು ಮೆಲ್ಲಗೆ. "ಒಬ್ಬಳಿಗೆ ಇಷ್ಟು ದೊಡ್ಡ ಮಂಚ ಯಾಕೆ ಅಂತ ಮಲಗಿ ಅಳತೆ ನೋಡ್ದ. ಬೂಟು ಕಳಚದೇ."

ನಗು ನಿಂತಿತು.

"ಆಮೇಲೆ?" ಎಂದಳು ಅಮ್ಮ.

"ಮಂಚ ಮಾರಿಬಿಟ್ಟೆ ಅಕ್ಕ. ಈಗ ಯಾಕೆ ಮಾರಿದೆ, ಸಾಕ್ಷಿ ನಾಶ ಮಾಡಿದ್ಯಾ ಅಂತ ಕರೆಸಿದಾರೆ."

ಅಟೆಂಡರ್ ಬಾಗಿಲು ತೆರೆದು ಕೂಗಿದ: "ಲೇಟ್ ಗೋದಾಮು ಕಾವಲುಗಾರ, ಅವರ ಹೆಂಡತಿ!" ಅಪ್ಪ ಕಾವಲುಗಾರನಲ್ಲ, ಇರಲಿ. ಗಂಡ ಲೇಟ್, ಅವನ ದುಡ್ಡು ಅವನಿಗಿಂತ ಲೇಟ್.

ಒಳಗೆ ಉದ್ದ ಮೇಜು. ನಡುವೆ ಅಧ್ಯಕ್ಷರು, ನಿವೃತ್ತ ಅಧಿಕಾರಿ. ಮೀಸೆ ಇನ್ನೂ ನಿವೃತ್ತಿ ಆಗಿರಲಿಲ್ಲ. ಅವರ ಬಲಕ್ಕೆ ಡಾಕ್ಟರು, ಅದೇ ಸರ್ಟಿಫಿಕೇಟಿನವರು, ಈಗ ಮುದುಕರಾಗಿದ್ದರು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವ ಮುಂಚೆ ಬಾಯಿಗಿಡುವುದರಲ್ಲಿ ಮಗ್ನರು. ಎಡಕ್ಕೆ ಬರೆದುಕೊಳ್ಳುವ ಗುಮಾಸ್ತೆ, ನನ್ನ ವಯಸ್ಸಿನ ಹುಡುಗಿ. ಗೋಡೆಗೊರಗಿ ಇಣುಕಪ್ಪ. ನಮಗೆ ಕುರ್ಚಿ ಇರಲಿಲ್ಲ.

"ಬೂಟು ತಂದಿದೀಯೇನಮ್ಮ?" ಅಧ್ಯಕ್ಷರು ಕೇಳಿದರು.

ಅಮ್ಮ ಚೀಲದಿಂದ ತೆಗೆದಳು.

"ಮೇಜಿನ ಮೇಲಲ್ಲ! ಕೆಳಗೆ ಪೇಪರ್ ಹಾಕಿ ಇಡು."

ಮೊಣಕಾಲೂರಿ ಅಮ್ಮ ಪೇಪರ್ ಹಾಸಿದಳು. ಬೂಟಿಟ್ಟು ಅದರ ನಾಲಗೆ ಮಗುಚಿದಳು. ಚರ್ಮದ ಮೇಲೆ ಒತ್ತಿದ ನಂಬರು. ಗುಮಾಸ್ತೆ ಬಗ್ಗಿ ಓದಿದಳು, ಫೈಲು ತೆರೆದಳು, ಮತ್ತೆ ಓದಿದಳು.

"ಸಾರ್, ಅವರ ಯಜಮಾನರ ನಂಬರೇ."

"ಹ್ಞೂಂ. ಬೂಟು ಸರಿಹೋಯ್ತು. ಕೆಮ್ಮು?"

"ಕೆಮ್ಮು ನಾನು ಸಾರ್," ಎಂದೆ.

"ನೀನು ಹುಡುಗಿ ಕಣಮ್ಮ."

ನಾನು ಕೆಮ್ಮಿದೆ. "ಯಾರದು?" ಎಂದೆ. ಇಣುಕಪ್ಪ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಹಾರಿದ. "ಇದೇ ಸಾರ್! ಇದೇ ಗಂಡಸು!" ಎಂದು ನನ್ನ ಕಡೆ ಬೆರಳು ತೋರಿಸಿದ. ತೋರಿಸಿದ ಬೆರಳನ್ನು ಎಲ್ಲಿಡಬೇಕೆಂದು ಆಮೇಲೆ ತಿಳಿಯಲಿಲ್ಲ.

ಅಧ್ಯಕ್ಷರು ಮೇಜು ಬಡಿದು ನಕ್ಕರು. "ಭಲೇ! ಹೆಣ್ಣಿಗೆ ಹೆದರಿ ಓಡಿ ಬಂದ್ಯಲ್ಲೋ! ಇನ್ನೇನೇನು ಬರುತ್ತಮ್ಮಾ ನಿನಗೆ? ರೈಲು ಬರುತ್ತಾ?"

ರೈಲು ಬಿಟ್ಟೆ. ಅವರು ಇನ್ನೂ ನಕ್ಕರು. ಅಳುವ ಕೂಸು ಕೇಳಿದರು. ಅದನ್ನೂ ಅತ್ತು ತೋರಿಸಿದೆ. ಪಕ್ಕದ ಕೋಣೆಯಿಂದ ಇಬ್ಬರು ಬಂದು ಬಾಗಿಲಲ್ಲಿ ನಿಂತರು.

"ನಾಯಿ? ನಾಯಿ ಮಾಡು ನೋಡೋಣ."

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯುತ್ತೇನೆ. ನಾನು ಬೊಗಳಿದೆ. ಬಿ.ಎ. ಎರಡನೇ ದರ್ಜೆ. ಅಮ್ಮನ ಬೆರಳುಗಳಿಗಾಗಿ ಬೊಗಳಿದೆ. ಇವರು ನಕ್ಕರೆ ಪಿಂಚಣಿ ಬಿಡುತ್ತಾರೆ ಎಂದುಕೊಂಡು ಒಂದಲ್ಲ, ಎರಡು ಥರದ ನಾಯಿ ಬೊಗಳಿದೆ. ಒಂದು ಕಟ್ಟಿಹಾಕಿದ್ದು, ಒಂದು ಬೀದಿಯದ್ದು.

"ಸಾಕು," ಎಂದಳು ಅಮ್ಮ. ನನಗೆ ಹೇಳಿದ್ದು.

ಆಗ ಡಾಕ್ಟರು ಅದ್ದಿದ ಬಿಸ್ಕತ್ತನ್ನು ಲೋಟದಲ್ಲೇ ಬಿಟ್ಟರು. "ಆ ಮೊದಲನೇದು ಮಾಡಮ್ಮ ಇನ್ನೊಂದ್ಸಲ. ಕೆಮ್ಮು. ಪೂರ್ತಿ."

ಅಮ್ಮನ ಮುಖ ನೋಡಿದೆ. ಅವಳು ಕಣ್ಣಲ್ಲೇ ಹೂಂ ಅಂದಳು. ಪೂರ್ತಿ ಕೆಮ್ಮಿದೆ. ಎರಡು ಗಿಡ್ಡದ್ದು, ಒಂದು ಉದ್ದದ್ದು, ಸಿಳ್ಳೆ, ಕೊನೆಯ ಕ್ಷಮಾಪಣೆ. ಡಾಕ್ಟರು ಕಣ್ಣು ಮುಚ್ಚಿ, ಕಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. ಐವತ್ತು ವರ್ಷ ಎದೆಗೆ ಕಿವಿಗೊಟ್ಟ ಮನುಷ್ಯ. ಕೈ ಸುಳ್ಳು ಬರೆಯುವುದನ್ನು ಕಲಿತಿತ್ತು, ಕಿವಿ ಇನ್ನೂ ಕಲಿತಿರಲಿಲ್ಲ.

"ಎಷ್ಟು ವರ್ಷ ಇದ್ದ ಮದ್ದಿನ ಗೋದಾಮಲ್ಲಿ?" ಎಂದು ಕೇಳಿದರು, ಕಣ್ಣು ತೆರೆಯದೆ.

"ಹದಿನೇಳು," ಎಂದಳು ಅಮ್ಮ.

"ಹ್ಞಾಂ. ಅದೇ. ಗೋದಾಮಿನ ಕೆಮ್ಮು. ಪುಡಿ ತಳದಲ್ಲಿ ಕೂತ್ರೆ ಕೊನೇಲಿ ಆ ಸಿಳ್ಳೆ ಬರುತ್ತೆ ನೋಡಿ. ಸಿಗರೇಟಿಂದು ಹಾಗೆ ಬರಲ್ಲ, ಅದು ಬೇರೆ..."

ಅಲ್ಲಿಗೆ ಅವರು ಕಣ್ಣು ತೆರೆದರು. ಅಮ್ಮ ಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದು ಅವರ ಟೀ ಲೋಟದ ಪಕ್ಕ ಇಟ್ಟಿದ್ದಳು. ಧೂಮಪಾನದ ಸ್ವಂತ ದುರಭ್ಯಾಸ. ಕೆಳಗೆ ಅವರದೇ ಸಹಿ. ಲೋಟದೊಳಗೆ ಬಿಸ್ಕತ್ತು ಮುರಿದು ಬಿದ್ದಿತ್ತು.

 ಬಾಗಿಲಲ್ಲಿದ್ದ ಇಬ್ಬರು ಜಾರಿಕೊಂಡರು.

ಅಮ್ಮ ಗುಮಾಸ್ತೆಯ ಕಡೆ ತಿರುಗಿದಳು. "ಬರ್ಕೊಳ್ಳಮ್ಮ," ಎಂದಳು. "ಡಾಕ್ಟ್ರು ಹೇಳಿದ್ದು ಬರ್ಕೋ."

ಗುಮಾಸ್ತೆಯ ಪೆನ್ನು ಮೇಲೆದ್ದಿತು.

"ಬರೀಬೇಡ!" ಅಧ್ಯಕ್ಷರು ಅಂದರು. ಮೀಸೆ ಅಲ್ಲಾಡಲಿಲ್ಲ, ಬಾಯಿ ಮಾತ್ರ ಅಲ್ಲಾಡಿತು. "ಇವತ್ತಿನ ವಿಷಯ ಅದಲ್ಲ. ಇವತ್ತಿನದು ಬೂಟು ಮತ್ತೆ ಮರುಮದುವೆ. ಡಾಕ್ಟ್ರು ಏನೋ ಸುಮ್ನೆ ಹೇಳಿದ್ರು."

 ಡಾಕ್ಟರು ಚಮಚದಿಂದ ಬಿಸ್ಕತ್ತು ಎತ್ತತೊಡಗಿದರು. ಕಿವಿಯ ಕೆಲಸ ಮುಗಿದು ಮತ್ತೆ ಕೈಯ ಕೆಲಸ ಶುರುವಾಗಿತ್ತು.

"ನೋಡಮ್ಮಾ," ಅಧ್ಯಕ್ಷರ ದನಿ ಈಗ ಬೆಣ್ಣೆ. ನಾನು ಅದನ್ನು ಚೆನ್ನಾಗಿ ತೆಗೆಯುತ್ತೇನೆ, ಗಲ್ಲ ಒಳಗೆಳೆದುಕೊಂಡರೆ ಬರುತ್ತದೆ. "ನೀನು ತಪ್ಪು ಮಾಡಿಲ್ಲ ಅಂತ ನಮಗೆಲ್ಲ ಗೊತ್ತಾಯ್ತು. ನಾವೇನು ಕಲ್ಲಲ್ಲ. ಆದ್ರೆ ರಿಪೋರ್ಟ್ ಆಗಲೇ ಮೇಲೆ ಹೋಗಿದೆ. ತನಿಖೆ ತಪ್ಪು ಅಂತ ಈಗ ಬರೆದ್ರೆ ಇವನು ಬರೆದ ನೂರಾರು ಕೇಸೂ ಮತ್ತೆ ತೆಗೀಬೇಕಾಗುತ್ತೆ. ಅದಕ್ಕೆ ಒಂದು ಸುಲಭ ದಾರಿ ಇದೆ. ಒಂದು ಹೇಳಿಕೆ ಕೊಟ್ಬಿಡು. 'ಮನೆಯಲ್ಲಿ ಒಬ್ಬ ಗಂಡಸು ಇದ್ದ, ಈಗ ಬಿಟ್ಟು ಹೋಗಿದ್ದಾನೆ.' ಅಷ್ಟೇ. ಬರೋ ತಿಂಗಳಿಂದ ಪಿಂಚಣಿ ಚಾಲೂ. ಏನಂತೀಯ?"

ಕಾಗದ ಟೈಪಾಗಿ ಸಿದ್ಧವಾಗಿಯೇ ಇತ್ತು. ಇಣುಕಪ್ಪ ಮುಂದೆ ತಳ್ಳಿದ. ಪೆನ್ನಿನ ಟೋಪಿಯನ್ನೂ ಅವನೇ ತೆಗೆದುಕೊಟ್ಟ.

ಅಮ್ಮನ ಕೈ ನೋಡಿದೆ. ಬಿರಿದ ಸಂದಿಗಳು. ಉಗುರಿಲ್ಲದ ಎರಡು ಬೆರಳು. ಒಂದು ಸಹಿ ಹಾಕಿದರೆ ಆ ಕೈ ಸೋಡದ ತೊಟ್ಟಿಯಿಂದ ಹೊರಬರುತ್ತದೆ. ಹಾಕಲಿ ಎಂದು ಬಯಸಿದೆ. ಸುಳ್ಳೇ ತಾನೆ? ಅವರೆಲ್ಲರೂ ಅದರಿಂದಲೇ ಹೊಟ್ಟೆ ಹೊರೆಯುತ್ತಿಲ್ಲವೇ? ಎರಡು ಥರದ ನಾಯಿ ಬೊಗಳಿದವಳು ನಾನು. ಒಂದು ಸಹಿ ಯಾವ ಲೆಕ್ಕ?

"ಹಾಕಮ್ಮಾ," ಎಂದೆ. ನನ್ನದೇ ದನಿಯಲ್ಲಿ. ಅದು ಎಷ್ಟು ಸಣ್ಣದು ಎಂದು ಆ ದಿನವೇ ನನಗೆ ತಿಳಿದದ್ದು.

ಅಮ್ಮ ಕಾಗದ ಎತ್ತಿಕೊಂಡು ಓದಿದಳು. ಪ್ರತಿ ಪದವನ್ನೂ ತುಟಿಯಲ್ಲಿ ಹೇಳಿಕೊಂಡು, ನಿಧಾನಕ್ಕೆ. ಮೇಜಿನವರೆಲ್ಲ ಕಾದರು.

"ಗಂಡಸು ಇದ್ದ," ಎಂದಳು. "ನಿಜ. ಬಿಟ್ಟು ಹೋದ. ಅದೂ ನಿಜ. ಆರು ವರ್ಷ ಆಯ್ತು. ಅದರ ಸರ್ಟಿಫಿಕೇಟ್ ನಿಮ್ಮ ಹತ್ರಾನೇ ಇದೆ. ಇನ್ನೊಬ್ಬ ಎಲ್ಲಿಂದ ತರ್ಲಿ?"

"ಹೆಸರು ಬರೀಬೇಕಾಗಿಲ್ಲಮ್ಮ, ಸುಮ್ನೆ..."

"ಇಲ್ಲದೇ ಇರೋ ಗಂಡಸಿನ ಕೆಮ್ಮು ನಿಮಗೆ ಬಾಗಿಲಾಚೆಯಿಂದ ಕೇಳಿಸ್ತು. ಎದೆಯಾಳದ ಕೆಮ್ಮು ಅಂತ ಬರ್ಕೊಂಡ್ರಿ. ಮೂರು ಸೀಲು ಹಾಕಿದ್ರಿ. ಇದ್ದ ಗಂಡಸು ಈ ಮೇಜಿನ ಮುಂದೆ ಎಂಟು ವರ್ಷ ನಿಂತ್ಕೊಂಡು ಕೆಮ್ಮಿದ. ಯಾವನಿಗೂ ಕೇಳಿಸ್ಲಿಲ್ಲ."

"ಧ್ವನಿ ತಗ್ಗಿಸಿ ಮಾತಾಡು," ಎಂದ ಇಣುಕಪ್ಪ.

"ಥೂ!" ಎಂದಳು ಅಮ್ಮ. ಉಗುಳಲಿಲ್ಲ. ಉಗುಳನ್ನು ಬೂಟಿಗೆ ಉಳಿಸಿಟ್ಟುಕೊಳ್ಳುವ ಹೆಂಗಸು. "ಹೆಂಗಸರ ಮನೇಲಿ ಮಂಚ ಅಳೀತೀಯ. ಕೆಮ್ಮಿದ್ರೆ ಓಡ್ತೀಯ. ನೀನು ನನ್ನ ದನಿ ಅಳೀಬೇಡ."

ಕಾಗದವನ್ನು ಹರಿಯಲಿಲ್ಲ. ಆಸ್ಪತ್ರೆಯಲ್ಲಿ ಮಡಿಸುವ ಹಾಗೆ ಅಂಚಿಗೆ ಅಂಚು ಸೇರಿಸಿ, ನಾಲ್ಕು ಮಡಿಕೆ ಮಾಡಿ, ಟೀ ಲೋಟದ ಕೆಳಗಿಟ್ಟಳು. ಡಾಕ್ಟರ ಹಳೆಯ ಸರ್ಟಿಫಿಕೇಟನ್ನು ಮಾತ್ರ ವಾಪಸು ಚೀಲಕ್ಕೆ ಹಾಕಿಕೊಂಡಳು. ಬಗ್ಗಿ ಬೂಟು ಎತ್ತಿಕೊಂಡಳು. ಹಾಸಿದ ಪೇಪರನ್ನು ಅಲ್ಲೇ ಬಿಟ್ಟಳು.

"ಸಹಿ ಹಾಕದೇ ಹೋದ್ರೆ ಜನ್ಮದಲ್ಲಿ ಸಿಗಲ್ಲ ಪಿಂಚಣಿ," ಎಂದರು ಅಧ್ಯಕ್ಷರು. ಬೆಣ್ಣೆ ಕರಗಿ ಹೋಗಿತ್ತು.

"ನಮ್ಮ ಯಜಮಾನ್ರ ಜನ್ಮದಲ್ಲೂ ಸಿಗ್ಲಿಲ್ಲ ಸಾರ್," ಎಂದಳು ಅಮ್ಮ.

ಕಾರಿಡಾರಿಗೆ ಬಂದೆವು. ಬೆಂಚಿನ ಹೆಂಗಸರೆಲ್ಲ ತಲೆ ಎತ್ತಿದರು. ಬಾಗಿಲು ಅರ್ಧ ತೆರೆದಿತ್ತು, ಮಾತೆಲ್ಲ ಕೇಳಿಸಿತ್ತು. ನಾನು ಮೆಟ್ಟಿಲ ಕಡೆ ಹೆಜ್ಜೆ ಹಾಕಿದೆ. ಅಮ್ಮ ಬರಲಿಲ್ಲ. ಬೂಟನ್ನು ಕಚೇರಿಯ ಬಾಗಿಲ ಹೊರಗೆ ನೆಲದ ಮೇಲಿಟ್ಟಳು. ಮೂತಿ ಒಳಗಡೆಗೆ. ಒಂದನ್ನು ಸ್ವಲ್ಪ ಓರೆ ಮಾಡಿದಳು. ಬೆಂಚಿನ ತುದಿಯಲ್ಲಿ ಕೂತಳು.

"ಏನಮ್ಮಾ? ಪಾಳಿಗೆ ಹೊತ್ತಾಯ್ತು."

"ಒಂದು ಪಾಳಿ ಹೋದ್ರೆ ಹೋಗ್ಲಿ ಬಿಡು."

ಆಮೇಲೆ ಅಮ್ಮ ಕೆಮ್ಮಿದಳು.

ಅಮ್ಮ ದನಿ ತೆಗೆಯುವವಳಲ್ಲ. ನಾನು ಮಾಡುವಾಗ ನಗುವವಳು, ಅಷ್ಟೆ. ಎರಡು ಗಿಡ್ಡದ್ದು. ಒಂದು ಉದ್ದದ್ದು. ಸಿಳ್ಳೆ. ನನ್ನ ಕೆಮ್ಮು ಒಳ್ಳೆಯ ನಕಲು ಎಂದು ಆರು ವರ್ಷ ನಂಬಿದ್ದೆ. ಅದೊಂದು ನಾಟಕ ಎಂದು ಆಗ ತಿಳಿಯಿತು. ನಾನು ಕೇಳಿದ್ದು ಹಗಲಿನ ಕೆಮ್ಮು. ಅವಳು ಪಕ್ಕದಲ್ಲಿ ಮಲಗಿ, ಬೆನ್ನಿಗೆ ಕೈಯಿಟ್ಟು ಕೇಳಿದವಳು. ಮತ್ತೊಂದು ವ್ಯತ್ಯಾಸವಿತ್ತು. ಕೊನೆಯಲ್ಲಿ ಗಂಟಲು ಸರಿ ಮಾಡಿಕೊಳ್ಳುವ ಆ ಕ್ಷಮಾಪಣೆಯನ್ನು ಅವಳು ಬಿಟ್ಟಿದ್ದಳು.

ಬ್ಯಾಂಡಿನವನ ಹೆಂಡತಿ ಅವಳನ್ನೇ ನೋಡುತ್ತಿದ್ದಳು.

"ನಮ್ಮವರದು ಹಾಗಿರಲಿಲ್ಲ ಕಣಕ್ಕ," ಎಂದಳು. "ನಮ್ಮವರದು ಹಿಂಗೆ." ಎದೆ ತುಂಬ ಗಾಳಿ ಎಳೆದುಕೊಂಡು ಕೆಮ್ಮಿದಳು. ಕಿಟಕಿಯ ಗಾಜು ನಡುಗಿತು. ಅದು ತುತ್ತೂರಿಯವನ ಕೆಮ್ಮು, ಕಟ್ಟೆ ಒಡೆದ ಹಾಗೆ.

ಅವಳಾಚೆ ಕೂತಿದ್ದ ಮುದುಕಿ, ಅಡುಗೆಯವನ ಹೆಂಡತಿ, ಒಣಗಿದ ಸಣ್ಣ ಕೆಮ್ಮು ಕೆಮ್ಮಿದಳು. ಹೊಗೆ ಕುಡಿದವನದು. ಅವಳ ಪಕ್ಕದವಳು ಕೆಮ್ಮುವ ಬದಲು ನರಳಿದಳು. ಅವಳ ಗಂಡನಿಗೆ ಕೆಮ್ಮಿರಲಿಲ್ಲವಂತೆ, ಬೆನ್ನುಹುರಿಯಲ್ಲಿ ಲೋಹದ ಚೂರಿತ್ತಂತೆ. ಒಬ್ಬೊಬ್ಬಳ ಗಂಟಲಲ್ಲೂ ಒಬ್ಬೊಬ್ಬ. ಬೆಂಚಿನ ಉದ್ದಕ್ಕೂ ಲೇಟ್ ಆದವರೆಲ್ಲ ಒಬ್ಬೊಬ್ಬರಾಗಿ ಬಂದು ಹಾಜರಿ ಹಾಕಿದರು.

ಲಾರಿ ಡ್ರೈವರನ ಹೆಂಡತಿ ಕೊನೆಯವಳು. ಚೀಲವನ್ನು ಮಡಿಲಿಗಿಳಿಸಿದಳು. ಬಾಯಿ ತೆರೆದಳು. ಆ ಸಣ್ಣ ದೇಹದಿಂದ ಗೇರು ಬದಲಾಯಿಸುವ ಹಳೆಯ ಲಾರಿಯಂಥ ಗೊಗ್ಗರು ಕೆಮ್ಮು ಬಂತು. ತನಗೇ ಬೆರಗಾಗಿ ಅವಳು ಸುತ್ತ ನೋಡಿದಳು. ಮತ್ತೆ ಕೆಮ್ಮಿದಳು, ಇನ್ನೂ ಜೋರಾಗಿ.

ಒಳಗೆ ಕುರ್ಚಿ ಹಿಂದೆ ಸರಿದ ಸದ್ದು. ಬಾಗಿಲು ಪೂರ್ತಿ ಮುಚ್ಚಿಕೊಂಡಿತು. ಚಿಲಕ ಬಿತ್ತು.

ಮುಚ್ಚಿದ ಬಾಗಿಲ ಹಿಂದಿನಿಂದ ಅಧ್ಯಕ್ಷರ ದನಿ ಕೇಳಿತು. ಬೆಣ್ಣೆಯೂ ಇಲ್ಲ, ಮೀಸೆಯೂ ಇಲ್ಲ. ಅದನ್ನು ನಾನು ಈವರೆಗೆ ನಕಲು ಮಾಡಿಲ್ಲ, ಮಾಡಲು ಅದರಲ್ಲಿ ಏನೂ ಇರಲಿಲ್ಲ.

"ಯಾರದು? ಹೊರಗೆ ಯಾರ್ರೀ ಅದು ಅಷ್ಟೊಂದು ಜನ ಗಂಡಸರು?"

ಅಮ್ಮ ಬೂಟಿನ ಮೂತಿಯನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದಳು.

"ಬರ್ಕೊಳ್ಳಿ," ಎಂದಳು.